ಹಳೆಯ ಪಂಚೆ, ಹಾಸುಬಟ್ಟೆಗಳಿಂದ ಬೇಸಿಗೆಯ ಟಾಪ್: ಬಟ್ಟೆ ಆರಿಸುವುದರಿಂದ ಕೊನೆಯ ಹೊಲಿಗೆಯವರೆಗೆ

ಮಲೆನಾಡಿನ ಮನೆಗಳಲ್ಲಿ ಹಳೆಯ ಹತ್ತಿ ಬಟ್ಟೆಯನ್ನು ಯಾರೂ ಸುಲಭಕ್ಕೆ ಎಸೆಯುವುದಿಲ್ಲ. ನೂರಾರು ಸಲ ಒಗೆದು ಮೆತ್ತಗಾದ ಪಂಚೆ ಮೊದಲು ಬಾಣಂತಿಯ ಕೋಣೆಗೆ ಹೋಗುತ್ತದೆ, ಅಲ್ಲಿಂದ ಅಡುಗೆಮನೆಗೆ ಬಂದು ಮಸಿಬಟ್ಟೆಯಾಗುತ್ತದೆ. ಹಸುಗೂಸಿನ ಮೈಗೆ ಹಳೆಯ ಬಟ್ಟೆಯೇ ಆಗಬೇಕು ಎಂದು ಹಿರಿಯರು ಹಟ ಹಿಡಿಯುವುದಕ್ಕೆ ಕಾರಣವಿದೆ. ಹೊಸ ಬಟ್ಟೆಯ ಗಂಜಿ, ಬಿರುಸು ಎಲ್ಲ ಹೋಗಿ ಬರೀ ಹತ್ತಿ ಉಳಿದಿರುತ್ತದೆ, ಬೆವರನ್ನು ಕೂಡಲೇ ಹೀರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಮಳೆ ಬರುವಂತೆ ಮೋಡ ಕಟ್ಟಿ ಬಾರದೆ ಉಳಿದಾಗ ತುಂಗೆಯ ದಡದ ನಮ್ಮ ಊರುಗಳಲ್ಲಿ ಏಳುವ ಸೆಖೆಗೆ ಇದಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಆದ್ದರಿಂದ ಪಂಚೆ ಮಸಿಬಟ್ಟೆಯಾಗುವ ಮೊದಲು ಅದರಿಂದ ಒಂದೆರಡು ಟಾಪ್ ಹೊಲಿದುಕೊಳ್ಳಿ ಎಂಬುದು ನನ್ನ ಒತ್ತಾಯ.

ಹೊಸ ಬಟ್ಟೆಯ ಹೊಲಿಗೆಗೂ ಹಳೆಯದರ ಹೊಲಿಗೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹೊಸ ಬಟ್ಟೆ ಎಲ್ಲ ಕಡೆ ಒಂದೇ ಸಮ ಗಟ್ಟಿ. ಅಲ್ಲಿ ಅಳತೆ ಮೊದಲು, ಬಟ್ಟೆ ಆಮೇಲೆ. ಹಳೆಯದರಲ್ಲಿ ಬಟ್ಟೆಯೇ ಮೊದಲು. ಯಾವ ಭಾಗ ಸವೆದಿದೆ, ಯಾವುದು ಇನ್ನೂ ಹತ್ತು ವರ್ಷ ಬಾಳುತ್ತದೆ ಎಂದು ನೋಡಿಕೊಂಡ ನಂತರವೇ ಏನು ಹೊಲಿಯಬಹುದು ಎಂದು ನಿರ್ಧರಿಸಬೇಕು. ನನ್ನ ಬಳಿ ಕಲಿಯಲು ಬರುವವರು ಮೊದಲ ದಿನವೇ ಕತ್ತರಿ ಕೇಳುತ್ತಾರೆ. ನಾನು ಕೊಡುವುದಿಲ್ಲ. ಮೊದಲ ದಿನ ಬಟ್ಟೆ ನೋಡುವುದಷ್ಟೇ ಕೆಲಸ.

ಬಟ್ಟೆಯನ್ನು ನೋಡುವ ಬಗೆ

ಬಟ್ಟೆಯನ್ನು ಕಿಟಕಿಗೆ ಅಡ್ಡವಾಗಿ ಹಿಡಿದು ಬೆಳಕಿನಲ್ಲಿ ಇಂಚು ಇಂಚಾಗಿ ಸರಿಸುತ್ತಾ ಹೋಗಿ. ಸವೆದ ಕಡೆ ಎಳೆಗಳ ನಡುವೆ ಬೆಳಕು ಹೆಚ್ಚು ತೂರಿ ಬರುತ್ತದೆ. ಅಂಥ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ನಂತರ ಗುರುತಿನ ಪಕ್ಕದಲ್ಲೇ ಎರಡೂ ಕೈಯ ಹೆಬ್ಬೆರಳುಗಳನ್ನು ಒತ್ತಿ ಹಿಡಿದು ಎರಡು ಕಡೆಗೂ ಎಳೆದು ನೋಡಿ. ಸಣ್ಣಗೆ ಚರಕ್ ಎಂದರೆ ಆ ಭಾಗವನ್ನು ಕೈಬಿಡಿ. ಮನಸ್ಸು ಎಷ್ಟೇ ಎಳೆದರೂ ಬಿಡಲೇಬೇಕು; ಅಲ್ಲಿ ಹಾಕಿದ ಹೊಲಿಗೆ ಮೂರನೆಯ ಒಗೆತಕ್ಕೆ ಬಟ್ಟೆಯನ್ನೇ ಸೀಳುತ್ತದೆ.

ಹಾಸಿಗೆಯ ಹಾಸುಬಟ್ಟೆ ಸವೆಯುವುದು ನಡುವಿನಲ್ಲಿ, ಮೈ ಹೊರಳುವ ಜಾಗದಲ್ಲಿ. ಹಾಸಿಗೆಯ ಕೆಳಗೆ ಮಡಚಿ ಸಿಕ್ಕಿಸುವ ಎರಡು ಬದಿಗಳೂ ಕಾಲಿನ ಕಡೆಯೂ ಹೊಸದರಂತೆಯೇ ಇರುತ್ತವೆ. ಪಂಚೆಯಲ್ಲಿ ಸೊಂಟಕ್ಕೆ ಸಿಕ್ಕಿಸುವ ಕಡೆ, ಕೂರುವ ಕಡೆ ಮತ್ತು ಹಿಮ್ಮಡಿಗೆ ತಾಗುವ ಅಂಚು ಮೊದಲು ಹೋಗುತ್ತವೆ. ಕಿಟಕಿಯ ಪರದೆಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಬಿಸಿಲು ಹತ್ತಿಯ ಎಳೆಯನ್ನು ಒಳಗಿನಿಂದಲೇ ದುರ್ಬಲಗೊಳಿಸುತ್ತದೆ. ನೋಡಲು ಗಟ್ಟಿಯಾಗಿದ್ದ ಪರದೆ ಎಳೆದಾಗ ಕಾಗದದಂತೆ ಹರಿದದ್ದನ್ನು ಹಲವು ಸಲ ಕಂಡಿದ್ದೇನೆ.

ನಮ್ಮ ಕಡೆಯ ಇನ್ನೊಂದು ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರಂಕಿನಲ್ಲಿ ಮುಚ್ಚಿಟ್ಟ ಬಟ್ಟೆಯ ಮೇಲೆ ಕಪ್ಪು ಚುಕ್ಕೆಗಳು ಬೀಳುತ್ತವೆ. ಗಂಜಿ ಹಾಕಿಟ್ಟ ಬಟ್ಟೆಗೆ ಬೇಗ ಹಿಡಿಯುತ್ತದೆ. ಚುಕ್ಕೆ ಮೇಲ್ಮೇಲಿದ್ದರೆ ಬಿಸಿಲಿಗೆ ಹಾಕಿ ಕೊಡವಿ, ಒಗೆದು ಬಳಸಬಹುದು. ಚುಕ್ಕೆಯ ಜಾಗವೇ ಎಳೆದಾಗ ಬಿರುಕು ಬಿಟ್ಟರೆ ಬಿಟ್ಟುಬಿಡಿ.

ಬಟ್ಟೆ ನಿಜವಾಗಿಯೂ ಹತ್ತಿಯೇ ಎಂದು ತಿಳಿಯಲು ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಕರಿಮಣಿಯಾಗಿ ನಿಲ್ಲುತ್ತದೆ. ಎರಡೂ ಬೆರೆತಿದ್ದರೆ ಬೂದಿಯ ನಡುವೆ ಕೈಗೆ ಗಂಟು ಸಿಗುತ್ತದೆ. ಅದನ್ನು ಚೀಲಕ್ಕೋ ದಿಂಬಿನ ಗವಸಿಗೋ ಇಟ್ಟುಕೊಳ್ಳಿ. ಬೇಸಿಗೆಯ ಟಾಪ್‌ಗೆ ಅದು ಬೇಡವೇ ಬೇಡ.

ಒಂದು ಮಾತು. ಮನೆಯ ಹಿರಿಯರ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕೇಳಬೇಕು. ನಾನು ಮೊದಲ ಸಲ ಕೇಳಿದಾಗ ಮಾವ ಪಂಚೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ನಿನ್ನ ಗಂಡನ ಉಪನಯನದ ವರ್ಷ ತಂದದ್ದಮ್ಮ" ಎಂದರು. ಸ್ವಲ್ಪ ಹೊತ್ತು ಬಿಟ್ಟು "ತೆಗೆದುಕೋ, ಪೆಟ್ಟಿಗೆಯಲ್ಲಿ ಇಟ್ಟರೆ ಬೂಷ್ಟು ತಿನ್ನುತ್ತದೆ" ಎಂದರು. ಆ ಟಾಪ್ ಈಗಲೂ ನನ್ನ ಬಳಿ ಇದೆ.

ಸಿದ್ಧತೆ

ಬಟ್ಟೆಯನ್ನು ಒಂದು ರಾತ್ರಿ ಬರೀ ನೀರಿನಲ್ಲಿ ನೆನೆಹಾಕಿ. ಉಳಿದ ಗಂಜಿ ಬಿಡುತ್ತದೆ. ಬೆಳಿಗ್ಗೆ ಒಗೆದು, ಪೂರ್ತಿ ಒಣಗುವ ಮೊದಲೇ, ಇನ್ನೂ ತೇವ ಇರುವಾಗಲೇ ಇಸ್ತ್ರಿ ಹಾಕಿ. ಆಗ ಎಳೆಗಳು ನೇರ ಕೂರುತ್ತವೆ. ಹಲವು ವರ್ಷ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ, ಆ ಭಯ ಇಲ್ಲ.

ಬೇಕಾಗುವುದು ಬಹಳ ಇಲ್ಲ. ಟೇಪು, ಸೀಮೆಸುಣ್ಣ, ಬಟ್ಟೆಗೆಂದೇ ಇಟ್ಟ ಹರಿತದ ಕತ್ತರಿ, ಗುಂಡುಸೂಜಿ, ಬಟ್ಟೆಯ ಬಣ್ಣದ ನೂಲು. ಶಿವಮೊಗ್ಗದವರಾದರೆ ಗಾಂಧಿ ಬಜಾರಿಗೆ ಒಂದು ಸಲ ಹೋಗಿ ಬಂದರೆ ಎಲ್ಲವೂ ಆಯಿತು. ಕಾಲಿನಿಂದ ತುಳಿಯುವ ಹಳೆಯ ಮೆಷಿನ್ ಇದ್ದರೆ ಅದೇ ಸಾಕು; ನಿಧಾನಕ್ಕೆ ಓಡುವುದರಿಂದ ಹಳೆಯ ಬಟ್ಟೆಗೆ ಅದೇ ಮೇಲು ಎಂದು ನನ್ನ ಅಭಿಪ್ರಾಯ. ಸೂಜಿ ಮಾತ್ರ ಹೊಸದಿರಲಿ. ಪಂಚೆಯಂಥ ತೆಳು ಬಟ್ಟೆಗೆ 11ನೆಯ ನಂಬರ್, ಹಾಸುಬಟ್ಟೆಗೆ 14. ಮೊಂಡು ಸೂಜಿ ಎಳೆಗಳ ನಡುವೆ ಇಳಿಯದೆ ಎಳೆಯನ್ನೇ ಕಡಿಯುತ್ತದೆ. ಹೊಲಿಗೆ ಇಂಚಿಗೆ ಹತ್ತರಷ್ಟಿರಲಿ. ಹತ್ತಿರ ಹತ್ತಿರ ಹೊಲಿದರೆ ಗಟ್ಟಿ ಎಂಬ ನಂಬಿಕೆ ಹಳೆಯ ಬಟ್ಟೆಗೆ ಹೊಂದುವುದಿಲ್ಲ. ಅಂಚೆಚೀಟಿಯ ಹಾಳೆಯಲ್ಲಿ ತೂತು ಹೊಡೆದಂತಾಗಿ ಅಲ್ಲಿಂದಲೇ ಹರಿಯುತ್ತದೆ. ಮೊದಲು ಅದೇ ಬಟ್ಟೆಯ ತುಂಡಿನ ಮೇಲೆ ಹೊಲಿದು, ಕೆಳಗಿನ ಬಾಬಿನ್ ನೂಲು ಮೇಲಕ್ಕೆ ಬರುತ್ತಿಲ್ಲ ಎಂದು ನೋಡಿಕೊಳ್ಳಿ.

ಪಂಚೆಯ ಟಾಪ್

ಪಂಚೆಯ ಅಗಲ ಸಾಮಾನ್ಯವಾಗಿ 48ರಿಂದ 50 ಇಂಚು. ಆ ಅಗಲವನ್ನು ನಡುವಿಗೆ ಮಡಚಿದರೆ 24–25 ಇಂಚು, ಅಂದರೆ ಭುಜದಿಂದ ಸೊಂಟದ ಕೆಳಗಿನವರೆಗೆ ಬರುವ ಟಾಪ್‌ನ ಉದ್ದ. ಮಡಿಕೆ ಭುಜವಾಗುತ್ತದೆ, ಪಂಚೆಯ ಎರಡು ಬಣ್ಣದ ಅಂಚುಗಳು ಮುಂದೆ ಒಂದು, ಹಿಂದೆ ಒಂದು ತಾವಾಗಿಯೇ ಕೆಳ ಅಂಚಾಗುತ್ತವೆ. ಭುಜಕ್ಕೆ ಹೊಲಿಗೆಯಿಲ್ಲ, ಕೆಳಗೆ ಮಡಚಿ ಹೊಲಿಯುವುದೂ ಇಲ್ಲ. ನೇಯ್ದವರು ಮುಗಿಸಿಟ್ಟ ಅಂಚಿಗಿಂತ ಚಂದದ ಅಂಚನ್ನು ನಾವು ಮೆಷಿನ್‌ನಲ್ಲಿ ಹೊಲಿಯಲಾರೆವು. ಅಂಚು ಪಿಸಿದಿದ್ದರೆ ಮಾತ್ರ ಆ ಭಾಗ ತೆಗೆದು ಮಡಚಿ.

ಇನ್ನು ಅಗಲ. ಎದೆ ಸುತ್ತಳತೆಯ ಅರ್ಧಕ್ಕೆ 4 ಇಂಚು ಸೇರಿಸಿ. ಸುತ್ತಳತೆ 36 ಆದರೆ 18ಕ್ಕೆ 4 ಸೇರಿ 22. ಇದರಲ್ಲಿ ಪ್ರತಿ ಬದಿಯ ಮಡಿಕೆಗೆ ಅರ್ಧ ಇಂಚು, ಬದಿ ಹೊಲಿಗೆಗೆ ಕಾಲು ಇಂಚು ಹೋಗಿ 20½ ಉಳಿಯುತ್ತದೆ. ಮುಂದೆ ಹಿಂದೆ ಸೇರಿ ಟಾಪ್‌ನ ಸುತ್ತು 41. ಮೈಗೂ ಬಟ್ಟೆಗೂ ನಡುವೆ 5 ಇಂಚು ಗಾಳಿಯಾಡುತ್ತದೆ. ಹತ್ತಿ ಹಿಗ್ಗುವ ಬಟ್ಟೆಯಲ್ಲ, ಇಷ್ಟಾದರೂ ಸಡಿಲ ಬೇಕು. ಎರಡು ಮೀಟರ್ ಪಂಚೆಯಲ್ಲಿ, ಅಂದರೆ ಸುಮಾರು 78 ಇಂಚಿನಲ್ಲಿ, ಲೆಕ್ಕಕ್ಕೆ ಇಂಥ ಮೂರು ತುಂಡು ಬರುತ್ತವೆ. ಸವೆದ ಭಾಗ ಬಿಟ್ಟರೆ ನಿಜಕ್ಕೆ ಸಿಗುವುದು ಒಂದು ಅಥವಾ ಎರಡು.

22 ಇಂಚಿಗೆ ಗುರುತು ಮಾಡಿ, ಅಂಚಿನಲ್ಲಿ ಅರ್ಧ ಇಂಚು ಕತ್ತರಿಸಿ, ಉಳಿದದ್ದನ್ನು ಕೈಯಿಂದ ಹರಿಯಿರಿ. ಹರಿದಾಗ ಬಟ್ಟೆ ತನ್ನ ಎಳೆಯ ಗುಂಟವೇ ಹೋಗುವುದರಿಂದ ಸೊಟ್ಟಗಾಗುವುದಿಲ್ಲ. ಹರಿಯುವಾಗ ಓರೆಗೆ ಎಳೆದುಕೊಂಡರೆ ಬಟ್ಟೆ ದುರ್ಬಲವಾಗಿದೆ ಎಂದರ್ಥ. ಅಲ್ಲಿಗೆ ನಿಲ್ಲಿಸಿ ಕತ್ತರಿಯಿಂದ ಮುಗಿಸಿ.

ಈಗ ಹರಿದ ಎರಡು ಬದಿಗಳನ್ನೂ ಪೂರ್ತಿ ಉದ್ದಕ್ಕೆ ಕಾಲು ಇಂಚು, ಮತ್ತೆ ಕಾಲು ಇಂಚು ಒಳಕ್ಕೆ ಮಡಚಿ, ಇಸ್ತ್ರಿ ಒತ್ತಿ, ಹೊಲಿಯಿರಿ. ಬದಿ ಜೋಡಿಸುವ ಮೊದಲೇ ಇದನ್ನು ಮುಗಿಸುವುದು ಈ ಕ್ರಮದ ಜೀವಾಳ. ತೋಳಿನ ಬಾಯಿ, ಬದಿ ಹೊಲಿಗೆ, ಕೆಳಗಿನ ಸೀಳು ಮೂರರ ಅಂಚೂ ಒಂದೇ ಸಲಕ್ಕೆ ಮುಗಿಯುತ್ತದೆ. ಓವರ್‌ಲಾಕ್ ಮಾಡಿಸಲು ಪೇಟೆಗೆ ಹೋಗಬೇಕಿಲ್ಲ.

ಕೊರಳು

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಬಟ್ಟೆಯನ್ನು ಭುಜದ ಗೆರೆಗೆ ಅಡ್ಡಲಾಗಿ ಮಡಚಿ, ಆಮೇಲೆ ಎಡ ಬಲ ಸೇರುವಂತೆ ಉದ್ದಕ್ಕೆ ಮಡಚಿ. ಎರಡು ಮಡಿಕೆ ಸೇರುವ ಮೂಲೆಯೇ ಕೊರಳಿನ ನಡು. ಅಲ್ಲಿ ಗುಂಡುಸೂಜಿ ಚುಚ್ಚಿ ಗುರುತು ಮಾಡಿ ಬಿಡಿಸಿ. ಆ ಬಿಂದುವಿನಿಂದ ಭುಜದ ಗೆರೆಯ ಮೇಲೆ ಎರಡೂ ಕಡೆ 3¾ ಇಂಚು, ಮುಂದಕ್ಕೆ 5 ಇಂಚು, ಹಿಂದಕ್ಕೆ 1 ಇಂಚು ಗುರುತಿಸಿ, ದುಂಡಗೆ ಗೆರೆ ಸೇರಿಸಿ. ಮುಂದೆ ಹಿಂದೆ ಒಂದೇ ಆಳ ತೆಗೆದರೆ ಟಾಪ್ ಇಡೀ ದಿನ ಹಿಂದಕ್ಕೆ ಜಾರುತ್ತದೆ, ಮುಂಗೊರಳು ಗಂಟಲಿಗೆ ಒತ್ತುತ್ತದೆ. ಕತ್ತು ಮುಂದಕ್ಕೆ ಬಾಗಿರುವುದೇ ಇದಕ್ಕೆ ಕಾರಣ.

ಕತ್ತರಿಸುವ ಮೊದಲು ಎರಡು ಕೆಲಸ. ಒಂದು, ಗೆರೆಯ ಮೇಲೆ ಟೇಪನ್ನು ಅಂಚಿಗೆ ನಿಲ್ಲಿಸಿ ಸುತ್ತು ಅಳೆಯಿರಿ, ಹಣೆಯ ಮೇಲಿನಿಂದ ತಲೆಯ ಸುತ್ತನ್ನೂ ಅಳೆಯಿರಿ. ದೊಡ್ಡವರ ತಲೆ ಸಾಮಾನ್ಯವಾಗಿ 21ರಿಂದ 23 ಇಂಚು. ಅಂಚು ಒಳಕ್ಕೆ ಮಡಚುವುದರಿಂದ ಕೊರಳಿನ ಬಾಯಿ ಗೆರೆಗಿಂತ ಒಂದೂವರೆ ಇಂಚಿನಷ್ಟು ಹಿಗ್ಗುತ್ತದೆ. ಅದೂ ಸೇರಿ ತಲೆಯ ಸುತ್ತಿಗಿಂತ ಹೆಚ್ಚಿರಬೇಕು. ಸಾಲದಿದ್ದರೆ ಮುಂಭಾಗವನ್ನು ಇನ್ನಷ್ಟು ಇಳಿಸಿ, ಬದಿಗೆ ಅಗಲಿಸಬೇಡಿ; ಅಗಲಿಸಿದರೆ ಭುಜದಿಂದ ಜಾರುತ್ತದೆ. ಎರಡು, ಗೆರೆಯಿಂದ ಬಟ್ಟೆಯ ಕಡೆಗೆ ಕಾಲು ಇಂಚಿಗಿಂತ ತುಸು ಕಡಿಮೆ ದೂರದಲ್ಲಿ ಸುತ್ತಲೂ ಒಂದು ಸಾಲು ಹೊಲಿಗೆ ಹಾಕಿ. ಮೆತ್ತಗಿನ ಬಟ್ಟೆಯ ದುಂಡು ಅಂಚು ಕೈ ತಾಗಿದರೆ ಸಾಕು, ಹಿಗ್ಗಿ ಅಲೆಅಲೆಯಾಗುತ್ತದೆ. ನನ್ನ ಮೊದಲ ಮೂರು ಟಾಪ್‌ಗಳು ಹಾಗೆಯೇ ಹಾಳಾದವು. ಈ ಒಂದು ಸಾಲು ಹಾಕತೊಡಗಿದ ಮೇಲೆ ಒಂದೂ ಹಾಳಾಗಿಲ್ಲ.

ಗೆರೆಗಿಂತ ಕಾಲು ಇಂಚು ಒಳಗೇ ಮೊದಲು ಕತ್ತರಿಸಿ, ತಲೆಗೆ ಹಾಕಿ ನೋಡಿ, ಆಮೇಲೆ ಗೆರೆಗೆ ತನ್ನಿ.

ಅಂಚು ಮುಗಿಸಲು ಕ್ರಾಸ್ ಪಟ್ಟಿ ಬೇಕು. ನೇರ ಎಳೆಯ ಪಟ್ಟಿ ದುಂಡಗೆ ಬಾಗುವುದಿಲ್ಲ, ನೆರಿಗೆ ಬೀಳುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ್ದು ಎರಡೂ ಕಡೆಗೆ ಎಳೆಯುತ್ತದೆ, ಬಾಗುತ್ತದೆ. 18 ಇಂಚಿನ ಚೌಕ ತುಂಡಿನ ಮೂಲೆಯಿಂದ ಮೂಲೆಗೆ 25 ಇಂಚು ಸಿಗುತ್ತದೆ, ಕೊರಳಿಗೆ ಅದು ಸಾಕು. ಉಳಿದ ಪಂಚೆಯ ತುಂಡು ಅಷ್ಟು ಅಗಲ ಇಲ್ಲದಿದ್ದರೆ ಎರಡು ಪಟ್ಟಿ ಜೋಡಿಸಿ. ಪಟ್ಟಿಯ ಅಗಲ ಒಂದೂಕಾಲು ಇಂಚು.

ಪಟ್ಟಿಯ ಒಂದು ಉದ್ದ ಬದಿಯನ್ನು ಕಾಲು ಇಂಚು ಮಡಚಿ ಇಸ್ತ್ರಿ ಒತ್ತಿ. ಮಡಚದ ಬದಿಯನ್ನು ಕೊರಳಿನ ಹೊರಮೈ ಮೇಲೆ, ಪಟ್ಟಿಯ ಹೊರಮೈ ಕೆಳಗೆ ಬರುವಂತೆ ಇಟ್ಟು, ಒಂದು ಭುಜದಿಂದ ಆರಂಭಿಸಿ ಕಾಲು ಇಂಚಿಗೆ ಹೊಲಿಯಿರಿ. ಕೊರಳನ್ನು ಎಳೆಯಬಾರದು, ತಿರುವಿನಲ್ಲಿ ಪಟ್ಟಿಯನ್ನು ಮಾತ್ರ ತುಸು ಬಿಗಿ ಹಿಡಿಯಬೇಕು. ಸುತ್ತು ಮುಗಿದಾಗ ಅರ್ಧ ಇಂಚು ಒಂದರ ಮೇಲೊಂದು ಬರಲಿ, ಮೊದಲ ತುದಿ ಮಡಚಿರಲಿ. ಆಮೇಲೆ ತಿರುವುಗಳಲ್ಲಿ ಅರ್ಧ ಇಂಚಿಗೊಂದರಂತೆ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಕೊಡಿ, ಹೊಲಿಗೆಗೆ ಎರಡು ಎಳೆ ಮೊದಲೇ ನಿಲ್ಲಿಸಿ. ಈ ಕಚ್ಚು ಇಲ್ಲದಿದ್ದರೆ ಪಟ್ಟಿ ಒಳಕ್ಕೆ ತಿರುಗಿದಾಗ ಕೊರಳು ಸಪಾಟಾಗಿ ಕೂರುವುದಿಲ್ಲ. ಪಟ್ಟಿಯನ್ನು ಒಳಕ್ಕೆ ಪೂರ್ತಿ ತಿರುಗಿಸಿ, ಹೊರಗೆ ಕಾಣದಂತೆ ಇಸ್ತ್ರಿ ಒತ್ತಿ, ಮಡಚಿದ ಅಂಚಿನ ಮೇಲೆ ಹೊಲಿಯಿರಿ. ಇಲ್ಲಿ ಕೈ ಹೊಲಿಗೆ ಹಾಕಿದರೆ ಇನ್ನೂ ನಯ. ಸಂಜೆ ಜಗಲಿಯಲ್ಲಿ ಕುಳಿತು ಅರ್ಧ ಗಂಟೆ ಮಾಡುವ ಕೆಲಸ, ನನಗೆ ಇದೇ ಅತ್ಯಂತ ಇಷ್ಟದ ಹಂತ.

ಬದಿಗಳು

ಒಳಮೈ ಒಳಮೈ ಸೇರುವಂತೆ ಭುಜದಲ್ಲಿ ಮಡಚಿ, ಅಂಚುಗಳನ್ನು ಸರಿಯಾಗಿ ಜೋಡಿಸಿ ಗುಂಡುಸೂಜಿ ಹಾಕಿ. ಭುಜದಿಂದ 9 ಇಂಚು ಕೆಳಗೆ ತೋಳಿನ ಬಾಯಿಗೆ ಬಿಡಿ, ಕೆಳಗೆ 4 ಇಂಚು ಸೀಳಿಗೆ ಬಿಡಿ. ನಡುವಿನ ಭಾಗವನ್ನು ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಯಿರಿ. ಅಂಚುಗಳು ಮೊದಲೇ ಮುಗಿದಿರುವುದರಿಂದ ಹೊಲಿಗೆ ಹೊರಗೇ ಕಾಣುತ್ತದೆ, ಒಳಗೆ ಮೈಗೆ ಏನೂ ಚುಚ್ಚುವುದಿಲ್ಲ. ತೋಳು ದಪ್ಪವಿರುವವರು 10 ಇಂಚು ಬಿಡಿ. ಕಂಕುಳು ಬಿಗಿಯಾದರೆ ಬೇಸಿಗೆಯ ಬಟ್ಟೆಗೆ ಅರ್ಥವೇ ಇಲ್ಲ.

ಹೊಲಿಗೆ ಆರಂಭವಾಗುವ ಮತ್ತು ಮುಗಿಯುವ ಎರಡು ಬಿಂದುಗಳೇ ಮೊದಲು ಹರಿಯುವುದು. ಅಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿದು, ಒಳಗಡೆಯಿಂದ ಒಂದೂವರೆ ಇಂಚಿನ ಚೌಕ ತುಂಡನ್ನು ಎರಡು ಸಲ ಮಡಚಿ ತ್ರಿಕೋನ ಮಾಡಿ, ಬಿಡಿ ಅಂಚು ಉಳಿಯದಂತೆ ಕೈಯಿಂದ ಹೊಲಿಯಿರಿ. ನಾನು ಇದನ್ನು ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರ ಕವಂದಿ ನೋಡಿ ಮಾಡತೊಡಗಿದೆ. ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಅವರು ಹೊಲಿಯುವ ಆ ಹೊದಿಕೆಯ ನಾಲ್ಕು ಮೂಲೆಯಲ್ಲೂ ಹೀಗೆ ಮಡಚಿದ ಸಣ್ಣ ತುಂಡುಗಳು ಹೂವಿನಂತೆ ಕೂತಿರುತ್ತವೆ. ಸವೆದ ಬಟ್ಟೆಯ ಬಗ್ಗೆ ಅವರಿಗೆ ತಿಳಿದಷ್ಟು ನಮಗೆ ತಿಳಿಯದು.

ಬಿಳಿ ಪಂಚೆ ಮೈ ತೋರುತ್ತದೆಯೇ ಎಂದು ತಿಳಿಯಲು ಬಟ್ಟೆಯ ಕೆಳಗೆ ಅಂಗೈ ಇಡಿ. ಬೆರಳುಗಳ ಸಂದು ಕಂಡರೆ ಒಳಗೊಂದು ಬನಿಯನ್ ಬೇಕಾಗುತ್ತದೆ, ಅಥವಾ ಬಣ್ಣ ಹಾಕಬೇಕು.

ಹಾಸುಬಟ್ಟೆಯಾದರೆ

ಕ್ರಮ ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸವೆಂದರೆ ಮುಂದಿನ ಹಿಂದಿನ ತುಂಡುಗಳನ್ನು ಬೇರೆ ಬೇರೆಯಾಗಿ ತೆಗೆಯಿರಿ, ಪ್ರತಿಯೊಂದೂ 22 ಅಗಲ, 26 ಉದ್ದ. ಹೂವು, ಹಕ್ಕಿ, ಮರದ ಚಿತ್ರವಿರುವ ಬಟ್ಟೆಯನ್ನು ಭುಜದಲ್ಲಿ ಮಡಚಿದರೆ ಬೆನ್ನಿನ ಮೇಲೆ ಎಲ್ಲವೂ ತಲೆಕೆಳಗಾಗುತ್ತವೆ. ಬೇರೆ ಬೇರೆ ತೆಗೆದರೆ ಸವೆದ ನಡುಭಾಗವನ್ನು ತಪ್ಪಿಸಲೂ ಸುಲಭ. ಹಾಸುಬಟ್ಟೆಯ ಮಡಚಿ ಹೊಲಿದ ಅಂಚನ್ನೇ ಟಾಪ್‌ನ ಕೆಳಗಿನ ಅಂಚಾಗಿ ಇಟ್ಟುಕೊಳ್ಳಿ. ಭುಜಕ್ಕೆ ಕೊರಳಿನಿಂದ ತುದಿಯವರೆಗೆ ಒಂದೂಕಾಲು ಇಂಚು ಇಳಿಜಾರು ಕೊಟ್ಟರೆ ಕಂಕುಳಿನಲ್ಲಿ ಬಟ್ಟೆ ಗುಡ್ಡೆಯಾಗುವುದಿಲ್ಲ. ಭುಜದ ಹೊಲಿಗೆಯನ್ನು ಎರಡು ಸಲ ಮಾಡಿ: ಮೊದಲು ಒಳಮೈಗಳು ಸೇರುವಂತೆ ಕಾಲು ಇಂಚಿಗೆ ಹೊಲಿದು, ಅಂಚನ್ನು ಸವರಿ, ತಿರುಗಿಸಿ ಹೊರಮೈಗಳು ಸೇರುವಂತೆ ಮತ್ತೆ ಕಾಲು ಇಂಚಿಗೆ. ಬಿಡಿ ಎಳೆಗಳೆಲ್ಲ ಹೊಲಿಗೆಯೊಳಗೇ ಅಡಗುತ್ತವೆ.

ದಿಂಬಿನ ಗವಸು ಮಕ್ಕಳಿಗೆ. 17 ಇಂಚು ಅಗಲದ ಗವಸಿನ ಸುತ್ತು 34, ಅಂದರೆ 30 ಇಂಚು ಎದೆಯವರೆಗಿನ ಹುಡುಗಿಗೆ ಆಗುತ್ತದೆ. ಮುಚ್ಚಿದ ತುದಿಯ ಹೊಲಿಗೆ ಬಿಚ್ಚಿ, ಮೇಲಿನ ಎರಡು ಮೂಲೆಗಳಲ್ಲಿ 2½ ಇಂಚು ಅಗಲ, 5 ಇಂಚು ಆಳ ದುಂಡಗೆ ಕತ್ತರಿಸಿ ಕ್ರಾಸ್ ಪಟ್ಟಿ ಹಾಕಿ. ಮುಂದಿನ ಹಿಂದಿನ ಮೇಲಂಚುಗಳನ್ನು ಒಂದಿಂಚು ಮಡಚಿ ಹೊಲಿದು ಲಾಡಿ ತೂರಿಸಿ, ಭುಜದಲ್ಲಿ ಗಂಟು ಹಾಕಿದರೆ ಆಯಿತು. ಆರು ವರ್ಷದವಳಿಗೆ ಮೊಣಕಾಲಿನವರೆಗಿನ ಫ್ರಾಕು, ಹನ್ನೊಂದು ವರ್ಷದವಳಿಗೆ ಅದೇ ಟಾಪ್.

ಚೊಗರಿನ ಬಣ್ಣ

ಅಡಿಕೆ ಬೇಯಿಸುವ ಮನೆಗಳ ಪಂಚೆಗೆ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಕಂದು ನೀರಿನ, ಕಲೆ ತಪ್ಪಿದ್ದಲ್ಲ, ಅದು ಯಾವ ಸೋಪಿಗೂ ಹೋಗುವುದಿಲ್ಲ. ಹೋಗದ ಆ ಗುಣವನ್ನೇ ಬಳಸಿಕೊಳ್ಳಬಹುದು. ಸಾಗರದ ಹತ್ತಿರದ ಹೆಗ್ಗೋಡಿನ ಚರಕ ಸಂಸ್ಥೆಯ ಮಹಿಳೆಯರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಹೊಲಿದು ಮುಗಿದ ಟಾಪ್ ಅನ್ನು ನೀರಿನಲ್ಲಿ ನೆನೆಸಿ ಹಿಂಡಿಟ್ಟುಕೊಳ್ಳಿ. ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯಲ್ಲಿ, ಬಟ್ಟೆ ಮುಳುಗಿ ಈಜಾಡುವಷ್ಟು ನೀರಿಗೆ, ಹಾಲಿಲ್ಲದ ಗಟ್ಟಿ ಕಾಫಿಯ ಬಣ್ಣ ಬರುವವರೆಗೆ ಚೊಗರು ಬೆರೆಸಿ. ಕುದಿ ಬರದಂತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಡಿ, ಆಗಾಗ ಕೋಲಿನಿಂದ ತಿರುವುತ್ತಿರಿ. ಕೈ ಬಿಟ್ಟರೆ ಮಡಿಕೆಗಳಲ್ಲಿ ಪಟ್ಟೆ ಬೀಳುತ್ತದೆ. ಆ ನೀರಿನಲ್ಲೇ ರಾತ್ರಿಯಿಡೀ ಆರಲಿ. ಕಬ್ಬಿಣದ ಪಾತ್ರೆ ಬೇಡ, ಚೊಗರಿಗೆ ಕಬ್ಬಿಣ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಬೆಳಿಗ್ಗೆ ಹಿಂಡಿ, 200 ಗ್ರಾಂ ಬಟ್ಟೆಗೆ 30 ಗ್ರಾಂ ಲೆಕ್ಕದಲ್ಲಿ ಪಟಿಕ ಕರಗಿಸಿದ ಬಿಸಿ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಬಣ್ಣ ಎಳೆಗೆ ಕಚ್ಚಿಕೊಳ್ಳಲು ಇದು ಬೇಕು. ತಿಳಿನೀರು ಬರುವವರೆಗೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಹಳೆಯ ಕಲೆ ಪೂರ್ತಿ ಅಡಗದಿದ್ದರೂ ಸುತ್ತಲ ಕೆಂಗಂದು ಬಣ್ಣದಲ್ಲಿ ಬೆರೆತುಹೋಗುತ್ತದೆ. ಮೊದಲ ಮೂರು ಒಗೆತ ಬೇರೆಯಾಗಿಯೇ ಇರಲಿ, ಒಗೆಯುವ ಕಲ್ಲಿಗೆ ಬಡಿಯದೆ ಕೈಯಲ್ಲಿ ಹಿಸುಕಿ ತೊಳೆಯಿರಿ.